ಒಂದು ಹಾಡು, ಎರಡು ಕಂಠ: ಸೋಲ್ ಗಾಯಕರನ್ನು ಕೇಳುವ ಬಗೆ



ಹೊರನಾಡುಗಳ ಸಂಗೀತವನ್ನು ಪರಿಚಯಿಸುವ ಈ ಮಾಲಿಕೆಯಲ್ಲಿ ಇವತ್ತು ಅಮೆರಿಕದ ಸೋಲ್ ಸಂಗೀತದ ಬಗ್ಗೆ ಮಾತಾಡೋಣ. ಸೋಲ್ ಕೇಳಬೇಕೆಂಬ ಆಸೆ ಅನೇಕರಿಗಿದೆ. ಆದರೆ ಹುಡುಕಲು ಹೊರಟರೆ ನೂರಾರು ಗಾಯಕರ, ಸಾವಿರಾರು ಹಾಡುಗಳ ರಾಶಿ ಎದುರಾಗುತ್ತದೆ. ‘ಮಹಾನ್ ಗಾಯಕರು’ ಎಂಬ ಪಟ್ಟಿಗಳಿಗೂ ಬರವಿಲ್ಲ. ಪಟ್ಟಿ ಹಿಡಿದು ಒಂದೊಂದೇ ಹಾಡು ಕೇಳುತ್ತಾ ಹೋದರೆ ಹೆಸರುಗಳು ಪರಿಚಯವಾಗುತ್ತವೆ, ಸಂಗೀತ ಮಾತ್ರ ಒಳಗೆ ಇಳಿಯುವುದಿಲ್ಲ. ಆದ್ದರಿಂದ ನಾನು ಬೇರೆಯದೇ ಒಂದು ದಾರಿ ಹೇಳುತ್ತೇನೆ. ಒಂದೇ ಹಾಡನ್ನು ಇಬ್ಬರು ಗಾಯಕರ ಕಂಠದಲ್ಲಿ ಕೇಳಿ. ಸೋಲ್ ಎಂದರೆ ಏನು ಎಂಬುದು ಆ ಎರಡು ಕಂಠಗಳ ನಡುವಿನ ಅಂತರದಲ್ಲೇ ತಿಳಿಯುತ್ತದೆ.

ಆ ಹಾಡು ‘ರೆಸ್ಪೆಕ್ಟ್’. ಬರೆದು ಮೊದಲು ಹಾಡಿದವರು ಓಟಿಸ್ ರೆಡಿಂಗ್, 1965ರಲ್ಲಿ. ಇಡೀ ದಿನ ದುಡಿದು ಮನೆಗೆ ಬರುವ ಗಂಡಸೊಬ್ಬ, ಮನೆಯಲ್ಲಿ ತನಗೆ ಒಂದಿಷ್ಟು ಮರ್ಯಾದೆ ಸಿಗಲಿ ಎಂದು ಹೆಂಡತಿಯನ್ನು ಕೇಳುವ ಹಾಡು ಅದು. ರೆಡಿಂಗ್ ಅವರದು ಒರಟು ಕಂಠ. ಅಂಗಲಾಚುತ್ತಾ, ತಾಳವನ್ನು ಹಿಂದಿನಿಂದ ತಳ್ಳುತ್ತಾ ಹಾಡುತ್ತಾರೆ. ಕೊಂಬು ವಾದ್ಯಗಳು ಅವರ ಜೊತೆ ಓಡುತ್ತವೆ.

ಎರಡು ವರ್ಷಗಳ ನಂತರ, 1967ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಅದೇ ಹಾಡನ್ನು ಹಾಡಿದರು. ಆಗ ಆಕೆಗೆ ಇನ್ನೂ 25 ತುಂಬಿರಲಿಲ್ಲ. ಹೆಂಗಸೊಬ್ಬಳು ಹಾಡಿದ ಕೂಡಲೆ ಹಾಡಿನ ಅರ್ಥವೇ ತಿರುಗಿತು. ಬೇಡಿಕೆ ಹಕ್ಕಾಯಿತು. ರೆಡಿಂಗ್ ಹಾಡಿನಲ್ಲಿ ಇಲ್ಲದ ಒಂದು ಭಾಗವನ್ನು ಆಕೆ ಸೇರಿಸಿದರು: ‘ರೆಸ್ಪೆಕ್ಟ್’ ಎಂಬ ಪದದ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಪಾಠ ಹೇಳಿಕೊಡುವ ಹಾಗೆ, ಉಚ್ಚರಿಸುವ ಭಾಗ. ಹಿಂದಿನಿಂದ ಆಕೆಯ ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ದನಿಗೂಡಿಸುತ್ತಾರೆ. ನಡುವೆ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೋಫೋನ್ ಬರುತ್ತದೆ. ಪಿಯಾನೋ ನುಡಿಸಿದ್ದೂ ಅರೀಥಾ ಅವರೇ. ಆ ಜೂನ್ ತಿಂಗಳಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಪ್ಪು ಜನರೂ ಸಮಾನತೆ ಕೇಳುತ್ತಿದ್ದ ಮಹಿಳೆಯರೂ ಅದನ್ನು ತಮ್ಮ ಹಾಡೆಂದು ಸ್ವೀಕರಿಸಿದರು. ಅದೇ ತಿಂಗಳು ಮಾಂಟರೆ ಸಂಗೀತೋತ್ಸವದ ವೇದಿಕೆಯಲ್ಲಿ ಹಾಡು ಶುರುಮಾಡುವ ಮುಂಚೆ ರೆಡಿಂಗ್, ಈ ಹಾಡನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡಳು ಎಂಬರ್ಥದ ಮಾತು ಹೇಳಿದರು. ಅದರಲ್ಲಿ ಪ್ರೀತಿಯೂ ಇತ್ತು, ಸತ್ಯವೂ ಇತ್ತು.

ಹಾಡು ಬರೆದವರದ್ದಲ್ಲ, ಬಾಳಿ ಹಾಡಿದವರದ್ದು. ಸೋಲ್ ಸಂಗೀತದ ಮೊದಲ ಸೂತ್ರ ಇದು. ಈ ಸೂತ್ರ ಹುಟ್ಟಿದ್ದು ಚರ್ಚಿನಲ್ಲಿ.

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಗಾಸ್ಪೆಲ್ ಎಂಬ ಭಕ್ತಿಗಾಯನ ಬೆಳೆಯಿತು. ಅಲ್ಲಿ ಎದ್ದು ನಿಂತು ತನ್ನ ಕಷ್ಟವನ್ನೂ ದೇವರ ದಯೆಯನ್ನೂ ಎಲ್ಲರೆದುರು ಹೇಳಿಕೊಳ್ಳುವುದಕ್ಕೆ ‘ಸಾಕ್ಷಿ ಹೇಳುವುದು’ ಎನ್ನುತ್ತಾರೆ. ಗಾಯಕಿ ಒಂದು ಸಾಲು ಹಾಡಿದರೆ ಸಭೆ ಉತ್ತರ ಕೊಡುತ್ತದೆ. ನಮ್ಮ ಊರುಗಳ ಭಜನೆಯಲ್ಲಿ ಒಬ್ಬರು ಎತ್ತಿಕೊಂಡ ಸಾಲನ್ನು ಉಳಿದವರು ಹಿಡಿಯುವ ಹಾಗೆ. ಒಂದು ಅಕ್ಷರವನ್ನು ಹತ್ತಾರು ಸ್ವರಗಳ ಮೇಲೆ ಹರಿಯಬಿಡುವುದು, ಭಾವ ಉಕ್ಕಿದಾಗ ಮಾತು ಬಿಟ್ಟು ಬರಿಯ ಕೂಗಿಗೆ ಏರುವುದು, ಮತ್ತೆ ಪಿಸುಮಾತಿಗೆ ಇಳಿಯುವುದು, ಇವೆಲ್ಲ ಚರ್ಚಿನಲ್ಲಿ ಕಲಿತ ವಿದ್ಯೆ. ಅರೀಥಾ ಅವರ ತಂದೆ ಸಿ. ಎಲ್. ಫ್ರ್ಯಾಂಕ್ಲಿನ್ ಡೆಟ್ರಾಯಿಟ್ ನಗರದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಹೆಸರಾಂತ ಬೋಧಕ. ಮಗಳು ಅಲ್ಲೇ ಹಾಡಿ ಬೆಳೆದಳು.

ಈ ವಿದ್ಯೆಯನ್ನು ಚರ್ಚಿನಿಂದ ಹೊರತಂದವರಲ್ಲಿ ಮೊದಲಿಗರು ರೇ ಚಾರ್ಲ್ಸ್. ಜಾರ್ಜಿಯಾದ ಆಲ್ಬನಿಯಲ್ಲಿ 1930ರಲ್ಲಿ ಹುಟ್ಟಿ, ಏಳನೆಯ ವಯಸ್ಸಿನ ಹೊತ್ತಿಗೆ ದೃಷ್ಟಿ ಕಳೆದುಕೊಂಡವರು. 1954ರಲ್ಲಿ ಧ್ವನಿಮುದ್ರಿಸಿದ ‘ಐ ಗಾಟ್ ಎ ವುಮನ್’ ಹಾಡಿಗೆ ಅವರು ಒಂದು ಗಾಸ್ಪೆಲ್ ಹಾಡಿನ ಚೌಕಟ್ಟನ್ನೇ ತೆಗೆದುಕೊಂಡು, ದೇವರ ಜಾಗದಲ್ಲಿ ಪ್ರೇಯಸಿಯನ್ನು ಕೂರಿಸಿದರು. ಚರ್ಚಿನ ಹಿರಿಯರು ಸಿಟ್ಟಾದರು. ಆದರೆ ದಾರಿ ತೆರೆದುಕೊಂಡಿತ್ತು. ಅವರ ‘ವಾಟ್ಡ್ ಐ ಸೇ’, 1959ರದು, ಕೇಳಿ. ಹಾಡಿನ ಕೊನೆಯಲ್ಲಿ ಅವರಿಗೂ ಜೊತೆಗಾಯಕಿಯರಿಗೂ ನಡೆಯುವ ಸವಾಲ್–ಜವಾಬಿನಲ್ಲಿ ಮಾತೇ ಇಲ್ಲ, ಬರಿಯ ದನಿ. ಚರ್ಚಿನ ಪ್ರಶ್ನೋತ್ತರವೇ ಅಲ್ಲಿ ಕುಣಿತವಾಗಿದೆ.

ಅವರ ಬಳಿಕ ಸ್ಯಾಮ್ ಕುಕ್. ಮಿಸಿಸಿಪ್ಪಿಯಲ್ಲಿ ಹುಟ್ಟಿ ಶಿಕಾಗೋದಲ್ಲಿ ಬೆಳೆದ ಪಾದ್ರಿಯ ಮಗ. ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ ತಂಡದ ಮುಖ್ಯ ಗಾಯಕನಾಗಿದ್ದು, 1957ರಲ್ಲಿ ‘ಯೂ ಸೆಂಡ್ ಮಿ’ ಮೂಲಕ ಪ್ರೇಮಗೀತೆಗೆ ಬಂದವರು. ರೇಷ್ಮೆಯಂಥ ನುಣುಪಾದ ಕಂಠ. ಅವರ ಅತ್ಯಂತ ಆಳವಾದ ಹಾಡು ‘ಎ ಚೇಂಜ್ ಈಸ್ ಗಾನ ಕಮ್’. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ, ಕಪ್ಪು ಬಣ್ಣದವರೆಂಬ ಕಾರಣಕ್ಕೆ ಅವರಿಗೂ ಅವರ ಜೊತೆಗಿದ್ದವರಿಗೂ ತಂಗಲು ಕೋಣೆ ಕೊಡಲಿಲ್ಲ. ಜಗಳವಾಡಿದ್ದಕ್ಕೆ ಪೊಲೀಸರು ಹಿಡಿದರು. ಆ ಅವಮಾನ, ಬಾಬ್ ಡಿಲನ್ ಎಂಬ ಬಿಳಿಯ ಹುಡುಗ ಬರೆದಂಥ ಹಾಡು ತನಗೆ ಹೊಳೆಯಲಿಲ್ಲವಲ್ಲ ಎಂಬ ಕಸಿವಿಸಿ, ಎರಡೂ ಸೇರಿ ಈ ಹಾಡು ಹುಟ್ಟಿತು. 1964ರ ಜನವರಿಯಲ್ಲಿ ತಂತಿವಾದ್ಯಗಳ ದೊಡ್ಡ ಮೇಳದೊಂದಿಗೆ ಹಾಡಿದರು. ಅದೇ ವರ್ಷದ ಡಿಸೆಂಬರ್ 11ರಂದು ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 33 ವರ್ಷ. ಹಾಡು ಬಿಡಿಯಾಗಿ ಜನರ ಕೈ ಸೇರಿದ್ದು ಅವರು ಹೋದ ಮೇಲೆ.

ಇಲ್ಲೂ ಅದೇ ದಾರಿ ಹಿಡಿಯಬಹುದು. ಮರುವರ್ಷ ಓಟಿಸ್ ರೆಡಿಂಗ್ ಇದನ್ನು ಹಾಡಿದರು, 1967ರಲ್ಲಿ ಅರೀಥಾ ಹಾಡಿದರು. ಕುಕ್ ಅವರದು ನೆಟ್ಟಗೆ ನಿಂತ ಘನತೆ. ರೆಡಿಂಗ್ ಅವರದು ಒಡೆದ ಎದೆ. ಅರೀಥಾ ಅದನ್ನು ಒಬ್ಬ ಗೆಳೆಯ ಹೇಳಿಹೋದ ಮಾತೆಂಬಂತೆ ನೆನೆಯುತ್ತಾ ಹಾಡುತ್ತಾರೆ. ಮೂರನ್ನೂ ಒಂದರ ಹಿಂದೊಂದು ಕೇಳಿ. ಮೂವರು ಮಹಾ ಗಾಯಕರ ಸ್ವಭಾವ ಒಂದೇ ಕೂರಿಕೆಯಲ್ಲಿ ತಿಳಿದುಬಿಡುತ್ತದೆ.

ಇನ್ನು ಊರುಗಳ ಮಾತು. ಸೋಲ್ ಸಂಗೀತಕ್ಕೆ ಎರಡು ದೊಡ್ಡ ಮನೆಗಳಿದ್ದವು. ಒಂದು ದಕ್ಷಿಣದ ಮೆಂಫಿಸ್, ಇನ್ನೊಂದು ಉತ್ತರದ ಡೆಟ್ರಾಯಿಟ್.

ಮೆಂಫಿಸ್‌ನ ಮ್ಯಾಕ್ಲೆಮೋರ್ ಅವೆನ್ಯೂದಲ್ಲಿ ಒಂದು ಹಳೆಯ ಸಿನಿಮಾ ಟಾಕೀಸಿತ್ತು. ಜಿಮ್ ಸ್ಟೂವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಅದನ್ನು ಸ್ಟುಡಿಯೋ ಮಾಡಿದರು. ಅದೇ ಸ್ಟ್ಯಾಕ್ಸ್. ಟಾಕೀಸಿನ ಇಳಿಜಾರು ನೆಲ ಹಾಗೇ ಉಳಿದಿತ್ತು. ಅಲ್ಲಿನ ಧ್ವನಿಮುದ್ರಣಗಳ ವಿಶಿಷ್ಟ ನಾದಕ್ಕೆ ಆ ಕೋಣೆಯೂ ಕಾರಣ. ಅಲ್ಲಿನ ವಾದ್ಯವೃಂದ ಬುಕರ್ ಟಿ ಅಂಡ್ ದಿ ಎಂ.ಜಿ.ಸ್. ಅದರ ನಾಲ್ವರಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿಯರು. ಬಣ್ಣಭೇದ ಗಟ್ಟಿಯಾಗಿದ್ದ ಆ ಊರಿನಲ್ಲಿ, ಆ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ರೆಡಿಂಗ್ 1962ರಲ್ಲಿ ಇಲ್ಲಿಗೆ ಬಂದದ್ದು ಬೇರೊಬ್ಬ ಗಿಟಾರ್ ವಾದಕನ ಕಾರು ಓಡಿಸಿಕೊಂಡು. ದಿನದ ಕೊನೆಗೆ ಉಳಿದ ಸಮಯದಲ್ಲಿ ‘ದೀಸ್ ಆರ್ಮ್ಸ್ ಆಫ್ ಮೈನ್’ ಹಾಡಲು ಅವಕಾಶ ಸಿಕ್ಕಿತು. ಅವರ ‘ಟ್ರೈ ಎ ಲಿಟಲ್ ಟೆಂಡರ್ನೆಸ್’ ಕೇಳುವಾಗ ಲಯದ ಮೇಲೆ ಗಮನವಿಡಿ. 1930ರ ದಶಕದ ಹಳೆಯ ಹಾಡದು. ರೆಡಿಂಗ್ ವಿಳಂಬದಲ್ಲಿ, ಬಹುತೇಕ ಮಾತಿನಂತೆ ಎತ್ತಿಕೊಳ್ಳುತ್ತಾರೆ. ಡ್ರಮ್‌ನ ಸಣ್ಣ ಟಕಟಕ ಸದ್ದು ಹಿಂದಿನಿಂದ ನೂಕುತ್ತದೆ. ಕೊನೆಯ ನಿಮಿಷಕ್ಕೆ ದ್ರುತ, ಬೆವರು, ಕೂಗು. 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್ನಿನ ಮೊನೋನಾ ಸರೋವರಕ್ಕೆ ವಿಮಾನ ಬಿದ್ದು ಅವರು ತೀರಿಕೊಂಡಾಗ ವಯಸ್ಸು 26. ಕೆಲವೇ ದಿನಗಳ ಮುಂಚೆ ಹಾಡಿ ಮುಗಿಸಿದ್ದ ‘ಡಾಕ್ ಆಫ್ ದಿ ಬೇ’ ಅವರ ಮರಣಾನಂತರ ಅಮೆರಿಕದ ಮೊದಲ ಸ್ಥಾನಕ್ಕೆ ಬಂತು.

ಡೆಟ್ರಾಯಿಟ್ ಕಾರುಗಳ ಊರು. ಅಲ್ಲಿ ಕಾರಿನ ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗಾರ್ಡಿ, ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ತಮ್ಮ ಸಂಗೀತ ಕಂಪನಿ ಶುರುಮಾಡಿದರು. ಅದೇ ಮೋಟೌನ್ ಆಯಿತು. ಸ್ಟ್ಯಾಕ್ಸಿನದು ಮಣ್ಣಿನ ಒರಟು, ಮೋಟೌನಿನದು ಪಾಲಿಷು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಮೋಕಿ ರಾಬಿನ್ಸನ್, ಸ್ಟೀವಿ ವಂಡರ್, ಮಾರ್ವಿನ್ ಗೇ, ಎಲ್ಲರೂ ಅಲ್ಲಿಂದ ಬಂದವರು. ಇವರ ಹಾಡುಗಳಲ್ಲಿ ಮಂದ್ರದ ಬೇಸ್ ಗಿಟಾರನ್ನು ಹುಡುಕಿ ಕೇಳಿ. ಬಹುಪಾಲು ಅದು ಜೇಮ್ಸ್ ಜೇಮರ್ಸನ್ ಅವರ ಬೆರಳು. ದಶಕವಿಡೀ ಅವರಂಥ ವಾದಕರ ಹೆಸರು ಆಲ್ಬಂಗಳ ಮೇಲೆ ಅಚ್ಚಾಗಲಿಲ್ಲ.

ಅಚ್ಚಾದದ್ದು 1971ರ ಮೇ ತಿಂಗಳಲ್ಲಿ ಬಂದ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ. ಅವರ ತಮ್ಮ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದರು. ಆ ಸೈನಿಕ ಮರಳಿ ಕಂಡ ದೇಶದ ಚಿತ್ರವೇ ಈ ಆಲ್ಬಂ: ಬಡತನ, ಮಾದಕ ವಸ್ತು, ಹಾಳಾದ ಗಾಳಿ ನೀರು, ಬೀದಿಯ ಹಿಂಸೆ. ಮೊದಲ ಹಾಡನ್ನು ಬಿಡುಗಡೆ ಮಾಡಲು ಗಾರ್ಡಿ ಒಪ್ಪಿರಲಿಲ್ಲ. ಬಿಡುಗಡೆಯಾದ ಮೇಲೆ ಜನ ಮುಗಿಬಿದ್ದು ಕೊಂಡರು. ಒಂದು ಹಾಡು ಮುಗಿಯುವಲ್ಲಿ ಇನ್ನೊಂದು ಹುಟ್ಟುವುದರಿಂದ ಇದನ್ನು ಬಿಡಿಬಿಡಿಯಾಗಿ ಕೇಳಬೇಡಿ, ಒಮ್ಮೆಗೇ ಇಡಿಯಾಗಿ ಕೇಳಿ. ಗೇ ತಮ್ಮದೇ ಕಂಠದ ಮೇಲೆ ತಮ್ಮದೇ ಕಂಠ ಹಾಸಿದ್ದಾರೆ. ಒಬ್ಬನೇ ಮನುಷ್ಯ ತನ್ನೊಳಗೇ ಮಾತಾಡಿಕೊಂಡಂತೆ ಕೇಳುತ್ತದೆ. ಇಡೀ ಆಲ್ಬಮ್ಮಿನಲ್ಲಿ ಎಲ್ಲೂ ಅರಚಾಟವಿಲ್ಲ. ಸೋಲ್ ಎಂದರೆ ಗಟ್ಟಿದನಿ ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮೆಲುದನಿಯ ಇನ್ನಿಬ್ಬರನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆಂಫಿಸ್‌ನಲ್ಲಿ ಹಾಡಿದ ಆಲ್ ಗ್ರೀನ್, ‘ಲೆಟ್ಸ್ ಸ್ಟೇ ಟುಗೆದರ್’ ಹಾಡಿನಿಂದ 1972ರಲ್ಲಿ ಮೊದಲ ಸ್ಥಾನಕ್ಕೆ ಬಂದವರು. ಬೇರೆಯವರು ಕೂಗುವ ಕಡೆ ಅವರು ಉಸಿರು ಬಿಡುತ್ತಾರೆ. 1976ರಲ್ಲಿ ಅವರು ಮೆಂಫಿಸ್‌ನಲ್ಲೇ ಒಂದು ಚರ್ಚಿನ ಪಾದ್ರಿಯಾದರು. ಇನ್ನೊಬ್ಬರು ಬಿಲ್ ವಿದರ್ಸ್. ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೂಲಿಯಾಗಿದ್ದುಕೊಂಡೇ ಹಾಡು ಬರೆದವರು. 1971ರ ಅವರ ಮೊದಲ ಆಲ್ಬಮ್ಮಿನ ರಕ್ಷಾಪುಟದಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಅದರಲ್ಲಿರುವ ‘ಏಂಟ್ ನೋ ಸನ್‌ಶೈನ್’ ಎರಡು ನಿಮಿಷದ ಹಾಡು. ನಡುವೆ ಎರಡೇ ಪದಗಳನ್ನು 26 ಸಲ ಹೇಳುತ್ತಾರೆ. ಅಲ್ಲಿ ಬೇರೆ ಸಾಹಿತ್ಯ ಬರೆಯಬೇಕೆಂದಿದ್ದರು. ಜೊತೆಯ ವಾದಕರು ಹಾಗೇ ಬಿಡಿ ಎಂದರು. ಒಳ್ಳೆಯದಾಯಿತು. ಪದ ಸೋತಲ್ಲಿ ದುಃಖ ಎಷ್ಟು ಮಾತಾಡಬಲ್ಲದು ಎಂಬುದಕ್ಕೆ ಆ 26 ಸಲವೇ ಸಾಕ್ಷಿ.

ಕೇಳುವ ಬಗೆಯ ಬಗ್ಗೆ ಎರಡು ಮಾತು. ಇಂಗ್ಲಿಷ್ ಪದಗಳು ಮೊದಲ ಸಲ ಪೂರ್ತಿ ತಿಳಿಯದಿದ್ದರೂ ಚಿಂತೆ ಬೇಡ. ಮೊದಲು ಕಂಠವನ್ನೇ ಹಿಂಬಾಲಿಸಿ: ಎಲ್ಲಿ ತಡೆಯುತ್ತದೆ, ಎಲ್ಲಿ ಒಡೆಯುತ್ತದೆ, ಎಲ್ಲಿ ತಾಳಕ್ಕಿಂತ ತುಸು ಹಿಂದೆ ಬೀಳುತ್ತದೆ. ಎರಡನೆಯ ಸಲ ಜೊತೆಗಾಯಕರನ್ನು ಕೇಳಿ, ಯಾಕೆಂದರೆ ಅವರೇ ಆ ಚರ್ಚಿನ ಸಭೆ. ಮೂರನೆಯ ಸಲ ಸಾಹಿತ್ಯವನ್ನು ಮುಂದಿಟ್ಟುಕೊಳ್ಳಿ. ಸಾಧ್ಯವಾದರೆ ಸಭಾಂಗಣದಲ್ಲಿ ಹಾಡಿದ ಧ್ವನಿಮುದ್ರಣಗಳನ್ನು ಹುಡುಕಿ. ಜೇಮ್ಸ್ ಬ್ರೌನ್ 1962ರಲ್ಲಿ ನ್ಯೂಯಾರ್ಕಿನ ಅಪೋಲೋ ರಂಗಮಂದಿರದಲ್ಲಿ ತಮ್ಮ ಸ್ವಂತ ಹಣ ಹಾಕಿ ಮುದ್ರಿಸಿದ ಕಛೇರಿ ಅಂಥದ್ದು. ಕೇಳುಗರ ಕೂಗೂ ಅಲ್ಲಿ ಸಂಗೀತದ ಭಾಗ.

ಇಷ್ಟೆಲ್ಲ ಕೇಳಿದ ಮೇಲೆ ಅರೀಥಾ ಅವರ ‘ಅಮೇಜಿಂಗ್ ಗ್ರೇಸ್’ ಆಲ್ಬಂ ಕೈಗೆತ್ತಿಕೊಳ್ಳಿ. 1972ರ ಜನವರಿಯಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗ, ಆಕೆ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಗಾಸ್ಪೆಲ್ ಹಾಡಿದರು. ಜೊತೆಯಲ್ಲಿ ಗಾಸ್ಪೆಲ್ ಗಾಯಕ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ದೊಡ್ಡ ಗಾಯನವೃಂದ. ಮಾರ್ವಿನ್ ಗೇ ಅವರ ಆಲ್ಬಮ್ಮಿನ ಒಂದು ಹಾಡನ್ನೂ ಅಲ್ಲಿ ದೇವರ ಮುಂದೆ ಹಾಡಿದರು. ಚರ್ಚಿನಿಂದ ಬೀದಿಗೆ ಬಂದ ದನಿ ಬೀದಿಯ ಹಾಡನ್ನು ಹೊತ್ತು ಚರ್ಚಿಗೆ ಮರಳಿದ ರಾತ್ರಿಗಳು ಅವು. ಅದರ ಚಲನಚಿತ್ರವೂ ಇದೆ. ಚಿತ್ರಕ್ಕೂ ದನಿಗೂ ಹೊಂದಿಕೆಯಾಗದೆ ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದು, ಆಕೆ ತೀರಿಕೊಂಡ 2018ರಲ್ಲೇ ಪರದೆಗೆ ಬಂತು.

ಈ ಆಲ್ಬಮ್ಮನ್ನು ಮೊದಲೇ ಕೇಳಿದರೆ ಭಕ್ತಿಸಂಗೀತವೆಂದಷ್ಟೇ ತೋರಬಹುದು. ಉಳಿದವರನ್ನು ಕೇಳಿ ಬಂದರೆ, ಅವರೆಲ್ಲರೂ ಯಾವ ನೀರು ಕುಡಿದು ಬೆಳೆದರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅರೀಥಾ ಅವರ ಆಲ್ಬಂಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದು ಇದೇ. ನನ್ನ ಮಟ್ಟಿಗೆ ಆಕೆಯ ಅತ್ಯುತ್ತಮ ಗಾಯನವೂ ಇದೇ. ಬಿಡುವು ಮಾಡಿಕೊಂಡು, ಬೇರೆ ಕೆಲಸ ಬದಿಗಿಟ್ಟು ಕೇಳಿ. ನಿಮ್ಮ ಮನೆಯ ಮಕ್ಕಳಿಗೂ ಕೇಳಿಸಿ.