ಹೋಪುದ್ ಯಾವಾಗ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದುವಾಗ ನಾನು ಒಮ್ಮೆಯೂ ಮೈಕಿನ ಮುಂದೆ ನಿಂತವನಲ್ಲ. ಒಂದು ವರ್ಷ ಆಗಸ್ಟ್ 15ರ ಭಾಷಣಕ್ಕೆ ಹೆಸರು ಕೊಟ್ಟು, ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಮಲಗಿದ್ದೆ. ಇವತ್ತು ಸಂಘದವರು ಬಿಡಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ವಿದೇಶದಲ್ಲಿ ಸಾಧನೆ' ಎಂದು ಹಾಕಿದ್ದಾರೆ. ಸಾಧನೆಯ ವಿಷಯ ನನಗೆ ತಿಳಿಯದು. ನಡುವೆ ಎರಡು ವರ್ಷ ಬಿಟ್ಟರೆ 1983ರಿಂದ 2019ರ ವರೆಗೆ ಕೊಲ್ಲಿ ದೇಶಗಳಲ್ಲಿ ದುಡಿದೆ, ಬಂದೆ. ಬಂದದ್ದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕುಂದಾಪುರದ ಕಡೆ ಗಲ್ಫಿನಿಂದ ರಜೆಗೆ ಬಂದವನನ್ನು ಎಲ್ಲರೂ ಕೇಳುವ ಪ್ರಶ್ನೆ ಎರಡೇ. "ಹ್ವಾಯ್, ಯಾವಾಗ ಬಂದದ್ದ್?" ಅದಕ್ಕೆ ಉತ್ತರ ಕೊಡುವ ಮೊದಲೇ "ಹೋಪುದ್ ಯಾವಾಗ?" ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ, ಅದು ಕುಶಲ ವಿಚಾರಿಸುವ ಕ್ರಮ. ಆದರೆ 2019ರಲ್ಲಿ ಪೂರ್ತಿಯಾಗಿ ಬಂದ ಮೇಲೂ ಎರಡು ವರ್ಷ ಜನ ಅದನ್ನೇ ಕೇಳಿದರು. ಹೋಗುವುದಿಲ್ಲ ಎಂದರೆ, ಕೆಲಸ ಹೋಯಿತೋ ಏನೋ ಎಂದು ಮುಖ ನೋಡುತ್ತಿದ್ದರು.

1978ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ನಾನೂ ಬೊಂಬಾಯಿಯ ಬಸ್ಸು ಹತ್ತಿದೆ. ಹೋಟೆಲಿನಲ್ಲಿ ಐದು ವರ್ಷ. ಅಲ್ಲಿಂದ ಕುವೈತ್. ಶುವೈಖ್ ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಸಾಮಾನು ಇಳಿಸುವುದು, ಏರಿಸುವುದು. ಮನೆಗೆ ಮಾತ್ರ 'ಆಫೀಸಿನಲ್ಲಿ ಕೆಲಸ' ಎಂದು ಬರೆದಿದ್ದೆ. ಯಾರದೋ ಕಾರಿಗೆ ಒರಗಿ ನಿಂತು ತೆಗೆಸಿದ ಫೋಟೋವನ್ನೂ ಕಳುಹಿಸಿದ್ದೆ. ಅದು ನಮ್ಮ ಜಗಲಿಯಲ್ಲಿ ದೇವರ ಪಟದ ಪಕ್ಕ ಬಹಳ ವರ್ಷ ಇತ್ತು.

ನನ್ನ ಅಮ್ಮನಿಗೆ ಓದು ಬರಹ ಬಾರದು. ನನ್ನ ಕಾಗದ ಓದಿ ಹೇಳುತ್ತಿದ್ದವನು, ಅಮ್ಮ ಹೇಳಿದ್ದನ್ನು ಆ ನೀಲಿ ಏರೋಗ್ರಾಮಿನಲ್ಲಿ ಬರೆಯುತ್ತಿದ್ದವನು ಒಬ್ಬನೇ. ಹತ್ತನೆಯ ತರಗತಿಯಲ್ಲಿ ನನ್ನ ಬೆಂಚಿನಲ್ಲೇ ಕುಳಿತವನು, ಊರು ಬಿಡದೆ ಪೇಟೆಯಲ್ಲಿ ಅಂಗಡಿ ಇಟ್ಟವನು. ಇಲ್ಲೇ ಎದುರಿಗೆ ಕುಳಿತಿದ್ದಾನೆ. ಹೆಸರು ಹೇಳಬೇಡ ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾನೆ, ಹೇಳುವುದಿಲ್ಲ.

1990ರ ಆಗಸ್ಟ್ 2, ಗುರುವಾರ. ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ಮೊದಲು ಏನೆಂದೇ ತಿಳಿಯಲಿಲ್ಲ. ಫೋನಿಲ್ಲ, ಅಂಚೆಯಿಲ್ಲ. ಖುಬೂಸ್ ರೊಟ್ಟಿಗೆ ಗಂಟೆಗಟ್ಟಲೆ ಸಾಲು. ಮೂರು ಡಾಲರಿಗೂ ಮಿಕ್ಕಿ ಬೆಲೆಯಿದ್ದ ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮ ಎಂದು ಸಾರಿದರು. ಏಳು ವರ್ಷದ ಉಳಿತಾಯ ಕೈಯಲ್ಲಿರುವಾಗಲೇ ಕಾಗದವಾಯಿತು. ನಮ್ಮ ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲರು ಬಾಗ್ದಾದಿಗೂ ಕುವೈತಿಗೂ ಬಂದು ಹೋದ ಮೇಲೆ ಹೊರಡುವ ದಾರಿ ಕಂಡಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಗಡಿಯ ಮರುಭೂಮಿಯ ಡೇರೆಯಲ್ಲಿ ಹನ್ನೊಂದು ದಿನ. ಹಗಲು ಬೆಂಕಿ, ರಾತ್ರಿ ಚಳಿ. ಕುಡಿಯುವ ನೀರಿನ ಲಾರಿ ಬಂದರೆ ದೊಡ್ಡ ದೊಡ್ಡ ಅಧಿಕಾರಿಗಳೂ ನನ್ನಂಥ ಹಮಾಲನೂ ಒಂದೇ ಸಾಲು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಎರಡು ತಿಂಗಳಲ್ಲಿ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಭಾರತೀಯರನ್ನು ಹೀಗೆ ಕರೆತಂದರು. ಅದರಲ್ಲಿ ನಾನೊಬ್ಬ. ಬೊಂಬಾಯಿಯಲ್ಲಿ ಇಳಿದಾಗ ಹಿಂದೆ ಕೆಲಸ ಮಾಡಿದ ಹೋಟೆಲಿನ ಧಣಿಗಳು ಒಂದು ಜೊತೆ ಬಟ್ಟೆಯನ್ನೂ ಬಸ್ಸಿನ ಹಣವನ್ನೂ ಕೊಟ್ಟರು. ಆಗ ಕೊಂಕಣ ರೈಲು ಇರಲಿಲ್ಲವಲ್ಲ.

ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನನ್ನ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ. ರಜೆಗೆ ಬರುವಾಗೆಲ್ಲ ಸೂಟ್‌ಕೇಸು ಹೊರಲು ಇಬ್ಬರು ಬರುತ್ತಿದ್ದರು. ಆ ದಿನ ಅಂಗಡಿಯಿಂದ ಇವನೊಬ್ಬ ಓಡಿ ಬಂದ. ಏನೂ ಕೇಳಲಿಲ್ಲ. ಚೀಲ ತೆಗೆದುಕೊಂಡು ಮುಂದೆ ನಡೆದ. ಅಮ್ಮ ಅಂಗಳದಲ್ಲಿದ್ದಳು. ನನ್ನನ್ನು ನೋಡಿ, ಗಂಜಿ ಬಿಸಿ ಮಾಡುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮನೆಯ ಕೆಂಪುಕಲ್ಲಿನ ಗೋಡೆ ಕಿಟಕಿಯ ಎತ್ತರಕ್ಕೆ ನಿಂತಿತ್ತು. ತಂಗಿಯ ಮದುವೆಯ ಸಾಲವೂ ಇತ್ತು. ಹಾಗಾಗಿ 1992ರಲ್ಲಿ ಮತ್ತೆ ಹೊರಟೆ, ಈ ಸಲ ದುಬೈಗೆ. ಮರುವರ್ಷ ರಜೆಯಲ್ಲಿ ಬಂದು ಮದುವೆಯಾದೆ, ನಲವತ್ತನೆಯ ದಿನ ವಾಪಸು ಹೋದೆ. ಕುವೈತಿನಿಂದ ಹೊರಟು ಬಂದವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ತಲಾ 2,500 ಇಲ್ಲವೆ 4,000 ಡಾಲರ್ ಕೊಟ್ಟಿತು. ಅದರ ಫಾರಂ ತುಂಬಿದವನೂ ಇವನೇ. ಆ ಹಣದಲ್ಲಿ ಮನೆಗೆ ಹಂಚು ಬಂತು. ಹಂಚು ಹೊದಿಸಿದ್ದನ್ನು ಅಮ್ಮ ಒಂದು ಮಳೆಗಾಲ ಮಾತ್ರ ನೋಡಿದಳು. ಅವಳು ತೀರಿಕೊಂಡ ಸುದ್ದಿ ಬಂದಾಗ ನನ್ನ ಪಾಸ್‌ಪೋರ್ಟ್ ಕಂಪನಿಯವರ ಕಪಾಟಿನಲ್ಲಿತ್ತು, ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ನಾನು ತಲುಪಿದ್ದು ನಾಲ್ಕನೆಯ ದಿನ.

2019ರಲ್ಲಿ ಬರುವಾಗ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಅಮ್ಮನ ಕಾಗದಗಳನ್ನು ತಂದಿದ್ದೆ. ಕುವೈತಿನವು ಹೋಗಿದ್ದವು, ಇವು ದುಬೈಗೆ ಬಂದವು. ಒಂದು ಸಂಜೆ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಓದುತ್ತಿದ್ದೆವು. 'ನಾವೆಲ್ಲ ಸೌಖ್ಯ. ನಮ್ಮ ಚಿಂತೆ ಬೇಡ. ಕೆಲಸ ಬಿಡಬೇಡ' ಎಂದು ಪ್ರತಿ ಕಾಗದದಲ್ಲೂ ಇತ್ತು. ಇವನು ಸುಮ್ಮನಾದ. ಆಮೇಲೆ ಹೇಳಿದ: "ಇದು ನಿನ್ನ ಅಮ್ಮ ಹೇಳಿದ್ದಲ್ಲ ಮಾರಾಯ. ಅವರು ಪ್ರತಿ ಸಲ, ಬರಲಿಕ್ಕೆ ಬರಿ ಅಂತಿದ್ದರು. ಸಾಲದ ಲೆಕ್ಕ ನನಗೆ ಗೊತ್ತಿತ್ತು. ನಾನೇ ಹೀಗೆ ಬರೆದೆ."

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಎಂಟು ದಿನ ಅವನ ಅಂಗಡಿಯ ಕಡೆ ಹೋಗಲಿಲ್ಲ. ಆದರೆ ಯಾವ ಬಾಯಿಯಿಂದ ಬೈಯಲಿ? ಗೋದಾಮನ್ನು ಆಫೀಸು ಎಂದು ಬರೆದವನು ನಾನು. 'ಬಾ' ಎಂದು ಬರೆದಿದ್ದರೆ ಬರುತ್ತಿದ್ದೆನೇ? ಈಗಲೂ ಗೊತ್ತಿಲ್ಲ. ಒಂಬತ್ತನೆಯ ದಿನ ಅವನೇ ಬಂದು ಒಂದು ಏರೋಗ್ರಾಮ್ ಕೊಟ್ಟ. 1990ರ ಆಗಸ್ಟಿನಲ್ಲಿ ಬರೆದದ್ದು. ಕುವೈತಿಗೆ ಟಪಾಲು ಹೋಗುವುದಿಲ್ಲವೆಂದು ಗೊತ್ತಿದ್ದೂ ಅಮ್ಮ ಬರೆಸಿದ್ದಳಂತೆ. ಹೇಗೂ ಹೋಗದ ಕಾಗದವಲ್ಲ, ಹಾಗಾಗಿ ಇದೊಂದನ್ನು ಅವಳು ಹೇಳಿದ ಹಾಗೆಯೇ ಬರೆದಿದ್ದ. ಹಣ ಬೇಡ, ಸಾಮಾನು ಬೇಡ, ಉಟ್ಟ ಬಟ್ಟೆಯಲ್ಲಿ ಬಾ. ಕೆಂಪಿ ಕರು ಹಾಕಿದೆ, ಗಿಣ್ಣು ಹಾಲು ಕುಡಿಯಲು ಮನೆಯಲ್ಲಿ ಯಾರೂ ಇಲ್ಲ. ಅಷ್ಟೇ. ಅದೀಗ ನನ್ನ ಹತ್ತಿರ ಇದೆ.

ಮಗಳು ಓದಿದ್ದೂ ಇದೇ ಶಾಲೆಯಲ್ಲಿ. ಅವಳ ಪ್ರಗತಿಪತ್ರಗಳನ್ನು ನೋಡಿದರೆ ಪೋಷಕರ ಸಹಿಯ ಜಾಗದಲ್ಲಿ ಒಮ್ಮೆ ಹೆಂಡತಿಯದು, ಒಮ್ಮೆ ಇವನದು. ನನ್ನದು ಒಂದೂ ಇಲ್ಲ. ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಮೊದಲ ತಿಂಗಳು ಅಡುಗೆಮನೆ ಸರಿಪಡಿಸಲು ಹೊರಟಾಗ ಹೆಂಡತಿ, "ಇಷ್ಟು ವರ್ಷ ಇದು ನಡೆದಿದೆಯಲ್ಲ" ಎಂದಳು. ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಹುಟ್ಟಿದ ಊರಿನಲ್ಲೇ ವಾಸವಾಗಿದ್ದೇನೆಂದು ತೋರಿಸಲು ಕುಂದಾಪುರಕ್ಕೆ ಐದು ಸಲ ಓಡಾಡಿದೆ. ದುಬೈ ವೀಸಾಕ್ಕೂ ಅಷ್ಟು ಓಡಾಡಿರಲಿಲ್ಲ.

ಮಕ್ಕಳಿಗೆ ಒಂದು ಮಾತು. ಹೋಗಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ ಇರುವುದಿಲ್ಲ. ಪಾಸಾಗದವರು ಕೂಲಿ ಕೆಲಸಕ್ಕೆ ಗಲ್ಫಿಗೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು, ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಏಜೆಂಟರ ಬಾಯಿಮಾತಿಗೆ ಹಣ ಕೊಡಬೇಡಿ, ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್‌ನಲ್ಲಿ ನೋಡಿ. ಒಪ್ಪಂದ ಪತ್ರದ ಒಂದು ಪ್ರತಿ ಮನೆಯಲ್ಲಿರಲಿ. ಇದೆಲ್ಲ ತಿಳಿಯದಿದ್ದರೆ ಶನಿವಾರ ಮಧ್ಯಾಹ್ನದ ಮೇಲೆ ಇವನ ಅಂಗಡಿಗೆ ಬನ್ನಿ. ನಾವಿಬ್ಬರೂ ಅಲ್ಲಿರುತ್ತೇವೆ. ಫಾರಂ ಅವನು ತುಂಬುತ್ತಾನೆ, ಅವನು ಬರೆದದ್ದನ್ನು ನಾನು ಓದಿ ನೋಡುತ್ತೇನೆ.

ಊಟದ ಗಂಟೆ ಆಯಿತೆಂದು ಹಿಂದಿನಿಂದ ಕೈ ಮಾಡುತ್ತಿದ್ದಾರೆ.