ಜಾದೂ ಉಳಿದೀತೇ?
(ಲೋಂಡಾದ ಸಭೆಯಲ್ಲಿ ಮಾಡಿದ ಭಾಷಣ)



ಮೊಬೈಲಿನಲ್ಲಿ ಗುಟ್ಟೆಲ್ಲ ರಟ್ಟಾದ ಮೇಲೆ ಜಾದೂ ಯಾರು ನೋಡುತ್ತಾರೆಂದು ಕೇಳುವವರಿದ್ದಾರೆ. ನಾವು ನೋಡುತ್ತೇವೆ! ಮಂಗಳೂರಿನ ಕುದ್ರೋಳಿ ಗಣೇಶರ ಆಟಕ್ಕೆ ಜನ ಸೇರುವುದು ಗುಟ್ಟಿಗಲ್ಲ, ಪಳಗಿದ ಕೈಗೆ. ಜಾದೂಗಾರ ಇದು ಕೈಚಳಕವೆಂದು ಹೇಳಿಯೇ ಟಿಕೇಟಿನ ಹಣ ಪಡೆಯುತ್ತಾನೆ. ಅದನ್ನೇ ಪವಾಡವೆಂದು ಮಾರುವವನು ಬಡವನ ಪಗಾರ ದೋಚುತ್ತಾನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಮುಂದೆ ಹುಲಿಕಲ್ ನಟರಾಜರು ಊರೂರು ತಿರುಗಿ ಆ ಗುಟ್ಟು ಬಿಚ್ಚಿದರು.

ಆದರೆ ತಲೆತಲಾಂತರದಿಂದ ಬೀದಿಯಲ್ಲಿ ಕೈಚಳಕ ತೋರಿದ ಸುಡುಗಾಡು ಸಿದ್ಧರಿಗೆ ರಂಗವೆಲ್ಲಿ? ಕೂಲಿಯೆಲ್ಲಿ? ನಮ್ಮ ಜಾತ್ರೆಗಳಲ್ಲಿ, ಸಂಘದ ಸಮಾರಂಭಗಳಲ್ಲಿ ಅವರ ಮಕ್ಕಳನ್ನು ವೇದಿಕೆಗೆ ಕರೆಯೋಣ, ಮೊದಲೇ ಮಾತಾಡಿ ಹಣ ಕೊಡೋಣ. ಅದೂ ದುಡಿಮೆಯೇ. ದುಡಿಮೆಗೆ ಕೂಲಿ ಸಿಕ್ಕರೆ ಜಾದೂ ಉಳಿಯುತ್ತದೆ.