ಚೌಟರ ಅರಮನೆ: ಅರಸರ ಮನೆಯೋ, ಗುತ್ತಿನ ಮನೆಯೋ?



ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡಿ ಬೆರಗಾಗುತ್ತಾರೆ, ಚೌಟರ ಅರಮನೆಯನ್ನು ನೋಡಿದಾಗ ಮಾತ್ರ, “ಇದು ಅರಮನೆಯೆ? ನಮ್ಮ ಕಡೆಯ ಗುತ್ತಿನ ಮನೆಯಂತಿದೆಯಲ್ಲ!” ಎನ್ನುತ್ತಾರೆ. ಅರಸರು ಕಟ್ಟಿಸಿದ್ದಾದರೆ ಕಲ್ಲಿನದಾಗಿರಬೇಡವೆ ಎಂಬುದು ಅವರ ವಾದ. ಈ ವಾದ ಸಾಕ್ಷ್ಯದ ಮುಂದೆ ನಿಲ್ಲುವುದೋ ಇಲ್ಲವೋ ವಿಚಾರಿಸೋಣ.

ಮೊದಲನೆಯದು ಮರದ ಮಾತು. ಅದೇ ಊರಿನಲ್ಲಿ 1430ರಲ್ಲಿ ಬಸದಿಯು ಎದ್ದುನಿಂತಿತು. ಕಲ್ಲು ಕಡೆಯುವ ಕೈಗಳಿಗೆ ಅಲ್ಲಿ ಬರವಿರಲಿಲ್ಲ. ಆದರೆ ಕಲ್ಲು ದೇವರಿಗೆ, ಮರ ಮನುಷ್ಯರಿಗೆ ಎಂಬುದು ಆ ಕಾಲದ ನಡವಳಿಕೆ. ಹಂಪೆಯ ಅರಮನೆಗಳಲ್ಲಿಯೂ ಹೆಚ್ಚಾಗಿ ಉಳಿದಿರುವುದು ಕಲ್ಲಿನ ಜಗತಿಗಳೇ. ಅವುಗಳ ಮೇಲಿದ್ದ ಮರದ ಕೆಲಸವು ಅಳಿದುಹೋಯಿತು. ವಿಜಯನಗರದ ರಾಯರಿಗೆ ಒಪ್ಪಿದ ಮರವು ಅವರ ಸಾಮಂತರಿಗೆ ಕುಂದಾದೀತೆ?

ಎರಡನೆಯದು ಮಾಡಿನ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಅದಕ್ಕಿಂತ ಹಳೆಯ ಮನೆಗಳ ಮೇಲೆ ಇಂದು ಕಾಣುವ ಆ ಬಗೆಯ ಹೆಂಚು ಅನಂತರ ಹೊದಿಸಿದ್ದು. ಮರದ ಮನೆಯು ಮಳೆಗೆ ಸವೆದು, ತುಂಡುತುಂಡಾಗಿ ಹೊಸದಾಗುತ್ತ ಬಾಳುತ್ತದೆ. ಹೊದಿಕೆಯನ್ನು ನೋಡಿ ವಯಸ್ಸನ್ನು ಹೇಳಲಾಗದು.

ಮೂರನೆಯದು ಕಂಬಗಳ ಸಾಕ್ಷ್ಯ. ಒಳಗಿನ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಹೆಣೆದುಕೊಂಡು ಆನೆಯಾದ ನವನಾರೀಕುಂಜರವಿದೆ; ಐವರು ಕೂಡಿ ಕುದುರೆಯಾದ ಪಂಚನಾರೀತುರಗವಿದೆ. ಆನೆ, ಕುದುರೆಗಳು ಅರಸೊತ್ತಿಗೆಯ ಗುರುತುಗಳೆಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಇನ್ನು ಕಟ್ಟಿಸಿದವರು. ಜೈನರೂ ಅಳಿಯಸಂತಾನದವರೂ ಆದ ಚೌಟರು ಉಳ್ಳಾಲದಲ್ಲಿಯೂ ಪುತ್ತಿಗೆಯಲ್ಲಿಯೂ ಮೂಡುಬಿದಿರೆಯಲ್ಲಿಯೂ ಆಳಿದರು. ಅವರು ಸಾರ್ವಭೌಮರೆಂದು ನಾವು ಹೇಳುವುದಿಲ್ಲ. ಮೊದಲು ವಿಜಯನಗರಕ್ಕೆ, ಬಳಿಕ ಕೆಳದಿಗೆ ತಲೆಬಾಗಿದವರು. ಆದರೂ ಪೋರ್ಚುಗೀಸರನ್ನು ಇದಿರಿಸಿದ ಅಬ್ಬಕ್ಕ ರಾಣಿ ಆ ವಂಶದವಳೇ. 1623ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಉಳ್ಳಾಲದ ರಾಣಿಯನ್ನು ಕಂಡುದು ಸಿಂಹಾಸನದ ಮೇಲಲ್ಲ. ಬರಿಗಾಲಿನಲ್ಲಿ ನಡೆದು, ಹೊಲಕ್ಕೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಾಗ. ಅಂತಹ ಅರಸರ ಮನೆಯು ಒಕ್ಕಲಿನ ಮನೆಯನ್ನು ಹೋಲಿದರೆ ಅದು ಸಂಶಯಕ್ಕೆ ಕಾರಣವಲ್ಲ, ಸಾಕ್ಷ್ಯಕ್ಕೆ ಪುಷ್ಟಿ.

ಆದುದರಿಂದ ಅದು ಗುತ್ತಿನ ಮನೆಯ ರೀತಿಯದೂ ಹೌದು, ಅರಮನೆಯೂ ಹೌದು. ತುಳುನಾಡಿನಲ್ಲಿ ಎರಡಕ್ಕೂ ಅಡಿಪಾಯ ಒಂದೇ. ಅರಮನೆಯಲ್ಲವೆಂದು ನಾವು ಅಸಡ್ಡೆ ಮಾಡಿದರೆ ಕಲ್ಲಿನಂತೆ ಮರವು ಕಾದು ಕುಳಿತಿರದು. ಸೋರುವ ಮಾಡು, ಗೆದ್ದಲು, ಕೆಲವು ಮಳೆಗಾಲಗಳು ಸಾಕು. ಉಪಾಧ್ಯಾಯರು ಮಕ್ಕಳನ್ನು ಬಸದಿಗೆ ಕರೆದೊಯ್ದ ದಿನ ಆ ಕಂಬಗಳ ಮುಂದೆಯೂ ಒಂದು ಗಳಿಗೆ ನಿಲ್ಲಿಸಬೇಕೆಂದು ನಮ್ಮ ಬಿನ್ನಹ.